ಕಬಡ್ಡಿ ಅಂಕಣದಲ್ಲಿ ಒಬ್ಬ ಟ್ರಾನ್ಸ್ ಮಹಿಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಜಿಲ್ಲೆಯವಳು. ಕಬಡ್ಡಿ ಆಡುತ್ತೇನೆ. ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಗುರುತಿಸಿದರೂ ನಾನು ಹೆಣ್ಣು. ಈ ಮೂರರಲ್ಲಿ ಮೊದಲಿನ ಎರಡರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಮೂರನೆಯದು ಗೊತ್ತಾದ ಕೂಡಲೇ ಶುರು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಪಂದ್ಯ ಮುಗಿದು ಕಾಲಿನ ಮಣ್ಣು ತೊಳೆಯುವಾಗ, ನಡುರಾತ್ರಿ ವಾಟ್ಸಾಪ್‌ನಲ್ಲಿ. ಕೆಲವರು ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಾರೆ, ಕೆಲವರು ಸುಮ್ನೆ ಚಪಲಕ್ಕೆ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಹೆಸರು, ಊರು, ತಂಡದ ಹೆಸರು ಹಾಕಿಲ್ಲ. ಅಮ್ಮ ಬೇಡ ಅಂದರು.

ನೀವು ಆಡುವುದು ಗಂಡಸರ ತಂಡದಲ್ಲಾ, ಹೆಂಗಸರ ತಂಡದಲ್ಲಾ?

ಊರಿನ ಗಂಡಸರ ತಂಡದಲ್ಲಿ. ನಮ್ಮ ಕಡೆ ಪಂದ್ಯಾಟಗಳು ಹೆಚ್ಚಾಗಿ ತೂಕದ ಲೆಕ್ಕದಲ್ಲಿ ನಡೆಯುತ್ತವೆ. ನಮ್ಮದು 65 ಕೆ.ಜಿ. ವಿಭಾಗದ ತಂಡ. ನಾನು ಬಲಗಡೆಯ ಕಾರ್ನರ್, ಅಂದರೆ ಆ ಮೂಲೆ ಕಾಯುವವಳು. ಎದುರಿನವರ ಅಂಕಣಕ್ಕೆ ರೈಡ್‌ಗೆ ಹೋಗುವುದು ಕಡಿಮೆ, ಬಂದವನ ಕಾಲು ಹಿಡಿಯುವುದೇ ನನ್ನ ಕೆಲಸ.

ಹೆಣ್ಣು ಅಂತೀರಿ, ಮತ್ತೆ ಗಂಡಸರ ತಂಡದಲ್ಲಿ ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಕೇಳುವವರ ಮುಖದಲ್ಲಿ "ಸಿಕ್ಕಿಬಿದ್ದೆ ನೋಡು" ಅನ್ನುವ ನಗು ಬೇರೆ.

ಉತ್ತರ ಸರಳ. ನಾನು ಚಿಕ್ಕಂದಿನಿಂದ ಆಡಿದ್ದು ಈ ಹುಡುಗರ ಜೊತೆ. ಎಡಗಡೆಯ ಕಾರ್ನರ್‌ನವನು ಯಾವಾಗ ಮುಂದೆ ನುಗ್ಗುತ್ತಾನೆ ಅಂತ ಅವನ ಭುಜ ನೋಡಿದರೆ ನನಗೆ ಗೊತ್ತಾಗುತ್ತದೆ. ನಾನು ಯಾರು ಅಂತ ಬಾಯಿಬಿಟ್ಟು ಹೇಳಿದ ಮೇಲೆ ತಂಡ ಒಂದು ಸೀಸನ್ ನನ್ನನ್ನು ಕರೆಯಲಿಲ್ಲ. ಆಮೇಲೆ ಕಾರ್ನರ್‌ಗೆ ಆಳಿಲ್ಲದೆ ಸೋತು ಸೋತು ಕರೆದರು. ಪ್ರೀತಿಯಿಂದ ಕರೆದದ್ದಲ್ಲ, ಅಗತ್ಯಕ್ಕೆ ಕರೆದದ್ದು. ನನಗೆ ಅಷ್ಟು ಸಾಕಾಗಿತ್ತು. ಪ್ರೀತಿ ಆಮೇಲೆ ಬಂತು, ಅದೂ ಎಲ್ಲರಿಂದ ಅಲ್ಲ.

ಹೆಂಗಸರ ತಂಡಕ್ಕೆ ಹೋಗಬಹುದಿತ್ತಲ್ಲ ಅಂದರೆ, ನಮ್ಮ ಸುತ್ತಮುತ್ತ ಶಾಲೆ ಕಾಲೇಜು ಬಿಟ್ಟರೆ ಹೆಂಗಸರ ಪಂದ್ಯಾಟ ಆಗುವುದೇ ಅಪರೂಪ. ಮದುವೆ ಆದ ಮೇಲೆ ಆಡುವವರು ಇನ್ನೂ ಕಡಿಮೆ. ಅಷ್ಟು ಕಷ್ಟದಲ್ಲಿ ಮನೆಯವರನ್ನು ಒಪ್ಪಿಸಿ ಅಂಕಣಕ್ಕೆ ಇಳಿದ ಹುಡುಗಿಯರ ನಡುವೆ ನಾನು ಹೋಗಿ ನಿಂತರೆ ಆ ದಿನದ ಮಾತೆಲ್ಲ ನನ್ನ ಬಗ್ಗೆಯೇ ಆಗುತ್ತದೆ. ಅವರ ಆಟ ಯಾರೂ ನೋಡುವುದಿಲ್ಲ. ಅದು ನನಗೆ ಇಷ್ಟ ಇಲ್ಲ. ಇದು ನನ್ನ ಲೆಕ್ಕಾಚಾರ ಮಾತ್ರ. ಬೇರೆ ಟ್ರಾನ್ಸ್ ಮಹಿಳೆಯರೂ ಹೀಗೇ ಮಾಡಬೇಕು ಅಂತ ನಾನು ಹೇಳುವುದಿಲ್ಲ.

ಗಂಡಸರ ತಂಡದಲ್ಲಿ ಆಡಿದ ಮಾತ್ರಕ್ಕೆ ನಾನು ಗಂಡಸಾಗುವುದಿಲ್ಲ. ಇದನ್ನು ಜನ ಒಪ್ಪಿದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ಬಿದ್ದುಹೋಗುತ್ತವೆ.

ಆಪರೇಷನ್ ಆಗಿದೆಯಾ?

ನಿಮ್ಮ ಪೈಲ್ಸ್ ಬಗ್ಗೆ ನಾನು ಕೇಳಿದ್ದೇನಾ?

ಕಬಡ್ಡಿಯೇ ಯಾಕೆ? ಸ್ವಲ್ಪ ಮೆತ್ತಗಿನ ಆಟ ಯಾವುದಾದರೂ ಆಡಬಹುದಲ್ಲ?

ಕೊಯ್ಲು ಮುಗಿದ ಗದ್ದೆಯಲ್ಲಿ ಹಗ್ಗ ಎಳೆದು ಅಂಕಣ ಮಾಡುವ ಊರು ನಮ್ಮದು. ಮಳೆ ನಿಂತ ಮೇಲೆ ಶನಿವಾರ ಬಂದರೆ ಎಲ್ಲೋ ಒಂದು ಕಡೆ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ಬೇರೆ ಆಟ ಹುಡುಕಿಕೊಂಡು ಹೋಗಬೇಕಿತ್ತು, ಕಬಡ್ಡಿ ಮನೆ ಬಾಗಿಲಿಗೇ ಬಂದಿತ್ತು.

ಆದರೆ ಈ ಆಟ ಗಂಡಸುತನದ ಪರೀಕ್ಷೆ ಅನ್ನುವ ಹಾಗೆ ನಮ್ಮಲ್ಲಿ ಬೆಳೆದಿದೆ ಅನ್ನುವುದು ನಿಜ. ತೊಡೆ ತಟ್ಟುವುದು, ಮೀಸೆ ತಿರುವುವುದು, "ಗಂಡಾದರೆ ಬಾ" ಅಂತ ಕೂಗುವುದು. ಸೋತವನಿಗೆ "ಬಳೆ ತೊಟ್ಟುಕೋ" ಅನ್ನುತ್ತಾರೆ. ನಾನು ಬಳೆ ತೊಟ್ಟುಕೊಂಡೇ ಬರುವವಳು, ನನಗೆ ಆ ಬೈಗುಳ ತಾಗುವುದಿಲ್ಲ. ಅಂಕಣಕ್ಕೆ ಇಳಿಯುವ ಮೊದಲು ತೆಗೆದಿಡಬೇಕು ಅಷ್ಟೆ. ಆಟಗಾರರು ಒಡವೆ ಹಾಕಬಾರದು, ಉಗುರು ಚಿಕ್ಕದಾಗಿ ಕತ್ತರಿಸಿರಬೇಕು ಅಂತ ಕಬಡ್ಡಿಯ ನಿಯಮವೇ ಇದೆ. ನನ್ನ ಮೂಗುತಿ ಪಂದ್ಯ ಮುಗಿಯುವ ತನಕ ನಮ್ಮ ಮ್ಯಾನೇಜರ್ ಅಣ್ಣನ ಅಂಗಿ ಕಿಸೆಯಲ್ಲಿ ಇರುತ್ತದೆ.

ಕಬಡ್ಡಿ ಗಂಡಸರ ಸೊತ್ತು ಅನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ: ಮಮತಾ ಪೂಜಾರಿ. ಕಾರ್ಕಳ ತಾಲೂಕಿನ ಹೆರ್ಮುಂಡೆಯವರು. ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಕಬಡ್ಡಿ 1990ರಲ್ಲೇ ಬಂತು. ಹೆಂಗಸರ ಕಬಡ್ಡಿ ಬಂದದ್ದು 20 ವರ್ಷ ತಡವಾಗಿ, 2010ರಲ್ಲಿ. ಆ ಸಲದ ಚಿನ್ನದಲ್ಲೂ 2014ರ ಇಂಚಿಯಾನ್ ಚಿನ್ನದಲ್ಲೂ ಮಮತಾ ಇದ್ದರು. ಅರ್ಜುನ ಪ್ರಶಸ್ತಿಯೂ ಬಂತು. ಅವರು ಟ್ರಾನ್ಸ್ ಅಲ್ಲ, ನನ್ನ ಕಥೆಗೂ ಅವರಿಗೂ ಸಂಬಂಧ ಇಲ್ಲ. ಆದರೆ ಪೇಪರಿನಲ್ಲಿ ಅವರ ಫೋಟೋ ನೋಡಿದ ದಿನ ಕಬಡ್ಡಿಯನ್ನೂ ಹೆಣ್ಣುತನವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಅಂತ ನನಗೆ ಮೊದಲ ಸಲ ಅನಿಸಿತು.

ಮೈಮುಟ್ಟುವ ಆಟ ಅಲ್ವಾ? ಎದುರಾಳಿಗಳು ಹಿಂದೆ ಮುಂದೆ ನೋಡುವುದಿಲ್ವಾ?

ಕೆಲವರು ನೋಡುತ್ತಾರೆ. ನನ್ನ ಮೂಲೆಗೆ ಬರುವುದೇ ಇಲ್ಲ, ಎಡಗಡೆಯೇ ಸುತ್ತುತ್ತಾರೆ. 30 ಸೆಕೆಂಡಿನ ರೈಡ್‌ನಲ್ಲಿ ಅರ್ಧ ಅಂಕಣ ಬಿಟ್ಟುಕೊಟ್ಟರೆ ಲಾಭ ಯಾರಿಗೆ? ಇನ್ನು ಕೆಲವರು ಬೇಕಂತಲೇ ಜಾಸ್ತಿ ಒತ್ತುತ್ತಾರೆ, ಮೇಲೆ ಬಿದ್ದವರು ಏಳುವುದಿಲ್ಲ. ಅದು ಆಟ ಅಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು, ಅಂಪೈರಿಗೂ ಗೊತ್ತು. ಹೆಚ್ಚಿನವರು ಮಾತ್ರ ಮೊದಲ ಎರಡು ರೈಡ್ ಆದ ಮೇಲೆ ಎಲ್ಲ ಮರೆತು ಸುಮ್ನೆ ಆಡುತ್ತಾರೆ. ಕಾಲು ಹಿಡಿದು ಎಳೆಯುವವಳು ಗಂಡಾ ಹೆಣ್ಣಾ ಅಂತ ಯೋಚಿಸಲು ಅಲ್ಲಿ ಪುರುಸೊತ್ತು ಇರುವುದಿಲ್ಲ.

ತೂಕ ನೋಡುವಾಗ, ಬಟ್ಟೆ ಬದಲಾಯಿಸುವಾಗ ಏನು ಮಾಡುತ್ತೀರಿ?

ನಿಜವಾದ ಕಷ್ಟ ಇಲ್ಲಿದೆ. ಟಿವಿಯಲ್ಲಿ ಚರ್ಚೆ ಮಾಡುವವರು ಇದನ್ನು ಕೇಳುವುದೇ ಇಲ್ಲ.

65 ಕೆ.ಜಿ. ಅಂದರೆ 65 ಕೆ.ಜಿ.ಯೇ. ಕಾಲು ಕಿಲೋ ಜಾಸ್ತಿ ಬಂದರೂ ಎದುರಿನ ತಂಡ ತಕರಾರು ತೆಗೆಯುತ್ತದೆ. ಹಾಗಾಗಿ ಹುಡುಗರು ಅಂಗಿ ಬಿಚ್ಚಿ, ಕೆಲವರು ಚಡ್ಡಿಯಲ್ಲೇ, ಎಲ್ಲರ ಎದುರು ಕಾಂಟಾದ ಮೇಲೆ ನಿಲ್ಲುತ್ತಾರೆ. ನಾನು ನಿಲ್ಲುವುದಿಲ್ಲ. ಜೆರ್ಸಿ ಹಾಕಿಯೇ ತೂಕ ಕೊಡುತ್ತೇನೆ. ಅಂದರೆ ಬಟ್ಟೆಯ ತೂಕವೂ ನನ್ನ ಲೆಕ್ಕಕ್ಕೆ. ಅದಕ್ಕೋಸ್ಕರ ಹಿಂದಿನ ದಿನ ರಾತ್ರಿ ಊಟ ಬಿಡುತ್ತೇನೆ. ಒಂದು ಕಡೆ ಸಂಘಟಕರು "ಎಲ್ಲರಿಗೂ ಒಂದೇ ನಿಯಮ, ಅಂಗಿ ತೆಗೆಯಿರಿ" ಅಂತ ಹಟ ಹಿಡಿದರು. ನಮ್ಮ ನಾಯಕ ಏನೂ ಮಾತಾಡದೆ ತಾನೂ ಜೆರ್ಸಿ ಹಾಕಿ ಬಂದು ನಿಂತ. ಉಳಿದ ಹುಡುಗರೂ ಹಾಗೇ ಮಾಡಿದರು. ಆ ದಿನ ಇಡೀ ತಂಡ ಬಟ್ಟೆ ಸಮೇತ ತೂಕ ಕೊಟ್ಟಿತು. ಪಂದ್ಯ ಸೋತೆವು, ಅದು ಬೇರೆ ವಿಷಯ.

ಬಟ್ಟೆ ಬದಲಾಯಿಸಲು ಹಳ್ಳಿ ಪಂದ್ಯಾಟಗಳಲ್ಲಿ ಕೋಣೆಯೇ ಇರುವುದಿಲ್ಲ. ವ್ಯಾನಿನ ಹಿಂದೆ, ಶಾಲೆಯ ಜಗಲಿಯಲ್ಲಿ. ನಾನು ಮನೆಯಿಂದಲೇ ಒಳಗೆ ಸ್ಪೋರ್ಟ್ಸ್ ಬ್ರಾ, ಜೆರ್ಸಿ, ಮೇಲೆ ಚೂಡಿದಾರ್ ಹಾಕಿಕೊಂಡು ಹೋಗುತ್ತೇನೆ. ಶೌಚಾಲಯದ ಕಥೆ ಕೇಳಬೇಡಿ. ನೀರು ಕಡಿಮೆ ಕುಡಿದು ಆಡುವುದು ಅಭ್ಯಾಸ ಆಗಿಬಿಟ್ಟಿದೆ. ಕೆಟ್ಟ ಅಭ್ಯಾಸ. ಸೆಕೆಯಲ್ಲಿ ಸ್ನಾಯು ಹಿಡಿದುಕೊಳ್ಳುವುದು ಅದರಿಂದಲೇ.

ಪ್ರೇಕ್ಷಕರು ಏನು ಹೇಳುತ್ತಾರೆ?

ಪ್ರೇಕ್ಷಕರು ಕೂಗುತ್ತಾರೆ, ಅದು ಅವರ ಕೆಲಸ. ನನಗೆ ಕಷ್ಟ ಆಗುವುದು ಮೈಕಿನಿಂದ. ನಮ್ಮ ಕಡೆ ಕಬಡ್ಡಿ ಅಂದರೆ ಅರ್ಧ ಆಟ, ಅರ್ಧ ವೀಕ್ಷಕ ವಿವರಣೆ. ಕನ್ನಡ, ತುಳು ಬೆರೆಸಿ, ನಡುವೆ ದಾನಿಗಳ ಹೆಸರು ಓದಿ, ಐಸ್‌ಕ್ರೀಮ್ ಅಂಗಡಿಯ ಪ್ರಚಾರ ಮಾಡಿ, ರೈಡರ್ ಗೆರೆ ದಾಟುವಾಗ ಸರಿಯಾಗಿ ದನಿ ಏರಿಸುವ ಜನ ಅವರು. ನನಗೆ ಅವರ ಮೇಲೆ ದೊಡ್ಡ ಗೌರವ ಇದೆ. ಅದೇ ಮೈಕಿನಲ್ಲಿ ನನ್ನ ಹಳೆಯ ಹೆಸರು ಕೂಗಿದರೆ ಇಡೀ ಮೈದಾನಕ್ಕೆ ಬೆತ್ತಲೆ ನಿಂತ ಹಾಗಾಗುತ್ತದೆ. "ಅವನಾ, ಅವಳಾ, ದೇವರೇ ಬಲ್ಲ" ಅಂತ ಜೋಕ್ ಹೊಡೆದು ನಗಿಸಿದವರೂ ಇದ್ದಾರೆ.

ಒಂದು ಉಪಾಯ ಕಂಡುಕೊಂಡಿದ್ದೇವೆ. ತಂಡದ ಪಟ್ಟಿ ಕೊಡುವಾಗ ನಾಯಕ ವಿವರಣೆಗಾರರ ಹತ್ತಿರವೇ ಹೋಗಿ ನನ್ನ ಈಗಿನ ಹೆಸರು ಹೇಳಿ, ಕಾಗದದಲ್ಲಿ ಬರೆದು ಕೊಟ್ಟು ಬರುತ್ತಾನೆ. ಅಷ್ಟೇ ಸಾಕು. ಹೆಚ್ಚಿನವರು ಸರಿಯಾಗಿ ಕರೆಯುತ್ತಾರೆ. ಒಬ್ಬರು ಹಿರಿಯರಂತೂ "ನಮ್ಮ ಹುಡುಗಿ ಹಿಡಿದಳು ನೋಡಿ" ಅಂದುಬಿಟ್ಟರು. ಆ ದಿನ ನನಗೆ ಬಹುಮಾನ ಏನೂ ಬೇಡ ಅನಿಸಿತ್ತು.

ನಮ್ಮ ಊರಿನ ಇನ್ನೊಂದು ತಮಾಷೆ ಹೇಳಲೇಬೇಕು. ಬಯಲಾಟದಲ್ಲಿ ಗಂಡಸು ಸ್ತ್ರೀವೇಷ ಹಾಕಿ ಲಾಸ್ಯದಿಂದ ಕುಣಿದರೆ ಬೆಳಗಿನ ಜಾವದ ತನಕ ಕೂತು ಮೆಚ್ಚುವ ಜನ ನಾವು. ವೇಷ ಕಳಚಿ ಮನೆಗೆ ಹೋಗುತ್ತಾನೆ ಅನ್ನುವ ಧೈರ್ಯ ಇರುತ್ತದಲ್ಲ, ಅದಕ್ಕೇ ಮೆಚ್ಚುತ್ತಾರೋ ಏನೋ. ನನ್ನದು ವೇಷ ಅಲ್ಲ ಅಂದಾಗ ಅದೇ ಜನರಿಗೆ ಇರುಸುಮುರುಸು.

ಹಾರ್ಮೋನ್ ತಗೊಂಡ ಮೇಲೆ ಆಟ ಬದಲಾಯಿತಾ?

ಬದಲಾಯಿತು. ಮೊದಲು ಹೋದದ್ದು ದಮ್ಮು. ಗಂಡು ಹಾರ್ಮೋನ್ ಆದ ಟೆಸ್ಟೊಸ್ಟೆರಾನ್ ಇಳಿದರೆ ರಕ್ತದ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಬರುತ್ತದೆ. ದ್ವಿತೀಯಾರ್ಧದ ಕೊನೆಗೆ ಕಾಲು ಭಾರ ಆಗತೊಡಗಿತು. ಸ್ನಾಯು, ಬಲ ಇಳಿಯುವುದು ನಿಧಾನ, ವರ್ಷಗಟ್ಟಲೆ ಹಿಡಿಯುತ್ತದೆ. ಎತ್ತರ, ಕೈಕಾಲಿನ ಉದ್ದ, ಅಂಗೈ ಅಗಲ ಬದಲಾಗುವುದೇ ಇಲ್ಲ. ಮೊದಲು ಡ್ಯಾಶ್ ಕೊಟ್ಟು ರೈಡರ್‌ನನ್ನು ಹೊರಗೆ ತಳ್ಳುತ್ತಿದ್ದೆ. ಈಗ ಅದು ಆಗುವುದಿಲ್ಲ. ಕಾಯುತ್ತೇನೆ, ಬೋನಸ್ ಅಂಕಕ್ಕೆ ಅವನು ಗೆರೆಯಾಚೆ ಕಾಲು ಹಾಕಿದಾಗ ಹಿಡಿಯುತ್ತೇನೆ.

ನಮ್ಮಂಥವರು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗಬೇಡಿ. ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಎಂಡೋಕ್ರಿನಾಲಜಿ, ಅಂದರೆ ಹಾರ್ಮೋನ್ ಚಿಕಿತ್ಸೆಯ ವಿಭಾಗ ಇದೆ, ಅಲ್ಲಿಗೇ ಹೋಗಿ. ಟೆಸ್ಟೊಸ್ಟೆರಾನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ಅನ್ನುವ ಮಾತ್ರೆ ಬರೆದುಕೊಟ್ಟರೆ, ನೀವು ಆಟಗಾರರು ಅಂತ ಡಾಕ್ಟರಿಗೆ ಮರೆಯದೆ ಹೇಳಿ. ಅದು ಮೂತ್ರ ಜಾಸ್ತಿ ಮಾಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ನಾವೋ ಪಂದ್ಯದ ನಡುವೆ ಬೊಂಡದ (ಎಳನೀರಿನ) ಮೇಲೆ ಬೊಂಡ ಕುಡಿಯುವವರು. ಬೊಂಡದ ನೀರಿನಲ್ಲೂ ಪೊಟ್ಯಾಸಿಯಂ ತುಂಬಿದೆ. ಎಷ್ಟು ಕುಡಿಯಬಹುದು ಅಂತ ಕೇಳಿಯೇ ಕುಡಿಯಿರಿ.

ಡೋಪಿಂಗ್ ಪರೀಕ್ಷೆ ಬಂದರೆ?

ಊರಿನ ಪಂದ್ಯಾಟಕ್ಕೆ ಯಾರೂ ಬಾಟಲಿ ಹಿಡಿದುಕೊಂಡು ಬರುವುದಿಲ್ಲ. ಆದರೆ ರಾಜ್ಯ, ರಾಷ್ಟ್ರ ಮಟ್ಟದ ಕನಸು ಇದ್ದವರು ತಿಳಿದಿರಬೇಕು. ಸ್ಪೈರೊನೊಲ್ಯಾಕ್ಟೋನ್ ವಾಡಾದ, ಅಂದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆಯ, ನಿಷೇಧಿತ ಪಟ್ಟಿಯಲ್ಲಿದೆ. ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್ ಇಲ್ಲ. ಟ್ರಾನ್ಸ್ ಪುರುಷರು ತಗೊಳ್ಳುವ ಟೆಸ್ಟೊಸ್ಟೆರಾನ್ ಅಂತೂ ಆ ಪಟ್ಟಿಯ ಮೊದಲ ಸಾಲಿನ ಆರೋಪಿ. ಚಿಕಿತ್ಸೆಗಾಗಿ ಬೇಕು ಅಂತ ಡಾಕ್ಟರ ದಾಖಲೆ ಇಟ್ಟು ಮೊದಲೇ ವಿನಾಯಿತಿ ಕೇಳಬೇಕು. ನಮ್ಮ ದೇಶದಲ್ಲಿ ಆ ಅರ್ಜಿ ಹೋಗುವುದು ನಾಡಾಗೆ, ಅಂದರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಗೆ. ಸಿಕ್ಕಿಬಿದ್ದ ಮೇಲೆ ವಿವರಣೆ ಕೊಟ್ಟರೆ ಕೇಳುವವರು ಕಡಿಮೆ.

ಟ್ರಾನ್ಸ್ ಮಹಿಳೆ ಹೆಂಗಸರ ವಿಭಾಗದಲ್ಲಿ ಆಡುವುದು ಅನ್ಯಾಯ ಅಲ್ವಾ?

ಈ ಪ್ರಶ್ನೆ ಕೇಳುವವರನ್ನೆಲ್ಲ ನಾನು ವೈರಿ ಅಂದುಕೊಳ್ಳುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ. ಗಂಡು ದೇಹದಲ್ಲಿ ಹರೆಯ ದಾಟಿದವರಿಗೆ ಎತ್ತರ, ಎಲುಬು, ಸ್ನಾಯುವಿನ ಲಾಭ ಸಿಕ್ಕಿರುತ್ತದೆ. ಹಾರ್ಮೋನ್ ಚಿಕಿತ್ಸೆ ಅದರಲ್ಲಿ ಸ್ವಲ್ಪ ಕಳೆಯುತ್ತದೆ, ಪೂರ್ತಿ ಅಲ್ಲ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12 ಮತ್ತು 8. ಚಿಕ್ಕ ಅಂಕಣದಲ್ಲಿ ಉದ್ದ ಕೈ ಇದ್ದರೆ ಏನಾಗುತ್ತದೆ ಅಂತ ಕಾರ್ನರ್ ಆಡುವ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ದೊಡ್ಡ ಮಟ್ಟದ ನಿಯಮಗಳು ಓಲಾಡುತ್ತಲೇ ಬಂದಿವೆ. 2003ರಲ್ಲಿ ಒಲಿಂಪಿಕ್ ಸಮಿತಿಯ ತಜ್ಞರು ಶಸ್ತ್ರಚಿಕಿತ್ಸೆ ಆಗಿರಲೇಬೇಕು ಅಂದರು. 2015ರಲ್ಲಿ ಅದನ್ನು ಬಿಟ್ಟು ಟೆಸ್ಟೊಸ್ಟೆರಾನ್ ಮಟ್ಟ ನೋಡಿದರು. 2021ರಲ್ಲಿ ಆಯಾ ಕ್ರೀಡೆಯ ಸಂಸ್ಥೆಯೇ ನಿಯಮ ಮಾಡಿಕೊಳ್ಳಲಿ ಅಂದರು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ಮಹಿಳೆ ಲಾರೆಲ್ ಹಬರ್ಡ್ ಹೆಂಗಸರ ವೇಟ್‌ಲಿಫ್ಟಿಂಗ್‌ಗೆ ಇಳಿದರು. ಲೋಕವೇ ಗಲಾಟೆ ಎಬ್ಬಿಸಿತ್ತು. ಭಾರವನ್ನು ಒಂದೇ ಸಲಕ್ಕೆ ತಲೆ ಮೇಲೆ ಎತ್ತುವ ಸ್ನ್ಯಾಚ್‌ನ ಮೂರೂ ಪ್ರಯತ್ನ ವಿಫಲವಾಗಿ ಅವರು ಹೊರಬಿದ್ದರು. ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಈಜು 2022ರಲ್ಲಿ, ಅಥ್ಲೆಟಿಕ್ಸ್ 2023ರ ಮಾರ್ಚ್‌ನಲ್ಲಿ, ಅದೇ ವರ್ಷ ಸೈಕ್ಲಿಂಗ್ ಮತ್ತು ಅಂತರರಾಷ್ಟ್ರೀಯ ಕ್ರಿಕೆಟ್. ಅಥ್ಲೆಟಿಕ್ಸ್‌ನಲ್ಲಿ 2025ರ ಸೆಪ್ಟೆಂಬರ್‌ನಿಂದ ಹೆಂಗಸರ ವಿಭಾಗಕ್ಕೆ ಜೀನ್ ಪರೀಕ್ಷೆಯೂ ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, ಪದಕ, ದಾಖಲೆ, ಸರಕಾರಿ ನೌಕರಿ ನಿಂತಿರುವ ಕಡೆ ನಿಯಮ ಬಿಗಿಯಾಗಿರಲಿ, ಆಯಾ ಆಟಕ್ಕೆ ತಕ್ಕ ಹಾಗೆ ಅಳೆದು ಮಾಡಲಿ. ಆದರೆ ಆ ನಿಯಮವನ್ನು ಎತ್ತಿ ತಂದು ಗದ್ದೆಯ ಅಂಕಣಕ್ಕೆ ಹಾಕಬೇಡಿ. ನಮ್ಮ ಪಂದ್ಯಾಟದಲ್ಲಿ ಗೆದ್ದವರಿಗೆ ಸಿಗುವುದು ಒಂದಿಷ್ಟು ದುಡ್ಡು, ಒಂದು ಟ್ರೋಫಿ, ಕೆಲವು ಕಡೆ ಕೋಳಿ ಅಂಕದಷ್ಟೇ ಗಲಾಟೆ. ಅಲ್ಲಿ ನನ್ನನ್ನು ಹೊರಗೆ ಇಡಲು ಬರುವವರು ನ್ಯಾಯದ ಮಾತಾಡುತ್ತಾರೆ, ಆದರೆ ನಾನು ಆಡುವುದು ಗಂಡಸರ ವಿರುದ್ಧ! ಬಲ ಕಳೆದುಕೊಂಡು ಆಡುತ್ತಿರುವುದು ನಾನು. ಅನ್ಯಾಯ ಯಾರಿಗೆ ಆಯಿತು ಮಾರಾಯ್ರೆ?

ಓಟಗಾರ್ತಿಯರಾದ ಶಾಂತಿ ಸೌಂದರರಾಜನ್, ದ್ಯುತಿ ಚಂದ್ ಕೂಡ ಟ್ರಾನ್ಸ್ ಅಲ್ವಾ?

ಅಲ್ಲ. ಇಬ್ಬರೂ ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಬೆಳೆದವರು. ಶಾಂತಿ 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ಹೆಸರಿನಲ್ಲಿ ಪದಕ ಕಸಿದುಕೊಂಡರು. ದ್ಯುತಿಯನ್ನು 2014ರ ಕಾಮನ್‌ವೆಲ್ತ್ ತಂಡದಿಂದ ಕೊನೆ ಗಳಿಗೆಯಲ್ಲಿ ಬಿಟ್ಟರು, ದೇಹದಲ್ಲಿ ಸಹಜವಾಗಿ ಟೆಸ್ಟೊಸ್ಟೆರಾನ್ ಜಾಸ್ತಿ ಇದೆ ಅಂತ. ಅವರು ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆ ನಿಯಮವನ್ನೇ ತಡೆಹಿಡಿಸಿದರು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು. ಅವರ ಕಥೆಯನ್ನು ನಮ್ಮ ಕಥೆಗೆ ಬೆರೆಸಿದರೆ ಇಬ್ಬರಿಗೂ ನಷ್ಟ.

ಗುರುತಿನ ಚೀಟಿ ಹೇಗೆ ಮಾಡಿಸಿದಿರಿ?

ಪಂದ್ಯಾಟದಲ್ಲಿ ಹೊರಗಿನ ಆಟಗಾರರನ್ನು ತಂದಿದ್ದಾರಾ ಅಂತ ನೋಡಲು ಆಧಾರ್ ಕೇಳುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಒಂದು ಹೆಸರು ಇದ್ದರೆ ಅಲ್ಲೇ ಜಗಳ. ಹಾಗಾಗಿ ನನಗೆ ಕಾಗದ ಸರಿ ಮಾಡಿಸುವುದು ಆಟದ ಭಾಗವೇ ಆಗಿತ್ತು.

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ, ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದ್ದೇ ಅಂದಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ, ಅಫಿಡವಿಟ್ ಕೊಟ್ಟು ಪ್ರಮಾಣಪತ್ರ ಪಡೆದೆ. ಆಗ ವೈದ್ಯಕೀಯ ಪರೀಕ್ಷೆ ಕೇಳಲಿಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹೋಯಿತು, ಆದರೂ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಅಲೆದಾಟ ತಪ್ಪಲಿಲ್ಲ. ಆಮೇಲೆ ಅದನ್ನು ತೋರಿಸಿ ಆಧಾರ್‌ನಲ್ಲಿ ಹೆಸರು, ಲಿಂಗ ಬದಲಾಯಿಸಿದೆ. ನಿಯಮಗಳು ಬದಲಾಗುತ್ತಿರುತ್ತವೆ. ನೀವು ಹೋಗುವ ದಿನ ಏನು ಜಾರಿಯಲ್ಲಿದೆ ಅಂತ ವಿಚಾರಿಸಿಯೇ ಹೋಗಿ.

ಮನೆಯವರು ಒಪ್ಪಿದರಾ?

ಅಮ್ಮ ಪಂದ್ಯ ನೋಡಲು ಬರುವುದಿಲ್ಲ. ಜೆರ್ಸಿ ಒಗೆದು ಇಡುತ್ತಾರೆ. ಅಣ್ಣ ಮಾತು ಬಿಟ್ಟಿದ್ದಾನೆ, ಆದರೆ ಮೊಣಕಾಲು ಉಳುಕಿದಾಗ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ. ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಟ್ರಾನ್ಸ್‌ಜೆಂಡರ್‌ಗಳಿಗೇ ಬೇರೆ ಪಂದ್ಯಾಟ ಮಾಡಿದರೆ ಆಗುವುದಿಲ್ವಾ?

ಮಾಡಿದ್ದಾರೆ, ಒಳ್ಳೆಯದೇ. ಪಕ್ಕದ ಕೇರಳದಲ್ಲಿ 2017ರಲ್ಲಿ ತಿರುವನಂತಪುರದಲ್ಲಿ ರಾಜ್ಯ ಮಟ್ಟದ ಕ್ರೀಡಾಕೂಟವೇ ಆಯಿತು. ಇಂಫಾಲದಲ್ಲಿ ಟ್ರಾನ್ಸ್ ಪುರುಷರ ಫುಟ್‌ಬಾಲ್ ತಂಡ ಇದೆ. ಅಂಥ ಕಡೆ ಮೊದಲ ಸಲ ಹೆದರದೆ ಓಡಿದೆ ಅನ್ನುವವರು ಇರುತ್ತಾರೆ. ಆದರೆ ಕಬಡ್ಡಿಗೆ ಒಂದು ಕಡೆಗೇ ಏಳು ಜನ ಬೇಕು. ನನ್ನ ತಾಲೂಕಿನಲ್ಲಿ ಏಳು ಟ್ರಾನ್ಸ್ ಆಟಗಾರರನ್ನು ಹುಡುಕಿ, ಎದುರಿಗೆ ಇನ್ನೊಂದು ತಂಡ ಕಟ್ಟುವಷ್ಟರಲ್ಲಿ ನನಗೆ ಮೊಮ್ಮಕ್ಕಳ ವಯಸ್ಸು.

ನಾನು ಶಾಲೆಯಲ್ಲಿ ಪಿ.ಟಿ. ಮಾಸ್ಟರ್. ನಮ್ಮಲ್ಲಿ ಇಂಥ ಮಗು ಇದೆ ಅನಿಸುತ್ತದೆ. ಏನು ಮಾಡಲಿ?

ಅನಿಸಿದರೆ ಅನಿಸಲಿ. ಕರೆದು ಕೇಳಬೇಡಿ. ಮಗು ತಾನಾಗಿ ಹೇಳುವ ತನಕ ಕಾಯಿರಿ, ಹೇಳಿದ್ದನ್ನು ಸ್ಟಾಫ್ ರೂಮಿಗೆ ಒಯ್ಯಬೇಡಿ. ನನಗೆ ಕಲಿಸಿದ ಒಬ್ಬ ಮಾಸ್ಟರು ಎಲ್ಲರ ಎದುರು ನನ್ನ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದರು. ಇನ್ನೊಬ್ಬರು ಏನೂ ಹೇಳದೆ ಕಾರ್ನರ್‌ನಲ್ಲಿ ನಿಲ್ಲಿಸಿ ಕಾಲು ಹಿಡಿಯಲು ಕಲಿಸಿದರು. ನಾನು ಇವತ್ತು ಆಡುತ್ತಿರುವುದು ಆ ಎರಡನೆಯವರಿಂದ.

ಕಾನೂನು ಬೇಕು ಅಂದರೆ 2019ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಕ್ರೀಡೆಯಲ್ಲೂ ಭೇದ ಇಲ್ಲದೆ ಅವಕಾಶ ಕೊಡಬೇಕು ಅಂತ ಅದು ಹೇಳುತ್ತದೆ. ಹೆಡ್‌ಮಾಸ್ಟರು ತಕರಾರು ತೆಗೆದರೆ ತೋರಿಸಲು ಇರಲಿ.

ಆಟದಿಂದ ಕೆಲಸ ಸಿಗಬಹುದಾ?

ಕರ್ನಾಟಕದಲ್ಲಿ 2021ರಿಂದ ಸರಕಾರಿ ನೇಮಕಾತಿಯಲ್ಲಿ ನಮಗೆ ಶೇ. 1 ಮೀಸಲಾತಿ ಇದೆ. ಅದಕ್ಕೆ ಓದಬೇಕು, ಪರೀಕ್ಷೆ ಬರೆಯಬೇಕು. ಕಬಡ್ಡಿ ಒಂದನ್ನೇ ನಂಬಿ ಕೂರಬೇಡಿ. ನಾನೂ ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ.

ನಾವು ಪಂದ್ಯಾಟ ನಡೆಸುತ್ತೇವೆ. ನಿಮ್ಮಂಥವರು ಬಂದರೆ ಏನು ವ್ಯವಸ್ಥೆ ಮಾಡಬೇಕು?

ದೊಡ್ಡದೇನೂ ಬೇಡ. ತೂಕ ನೋಡುವ ಕಾಂಟಾದ ಸುತ್ತ ಒಂದು ಪರದೆ ಕಟ್ಟಿ. ಶಾಮಿಯಾನದವರ ಹತ್ತಿರ ಹೇಗೂ ಬಟ್ಟೆ ಉಳಿದಿರುತ್ತದೆ. ಇದರಿಂದ ನನಗಷ್ಟೇ ಅಲ್ಲ, ಎಲ್ಲರ ಎದುರು ಅಂಗಿ ಬಿಚ್ಚಲು ನಾಚುವ ಹದಿನಾರರ ಹುಡುಗರಿಗೂ ಉಪಕಾರ. ಶಾಲೆಯ ಮೈದಾನ ಆದರೆ ಒಂದು ಕೋಣೆಯ ಕೀಲಿ ಮೊದಲೇ ತೆಗೆದಿಡಿ, ಒಳಗಿನಿಂದ ಚಿಲಕ ಹಾಕುವ ಹಾಗಿರಲಿ. ಪಟ್ಟಿಯಲ್ಲಿ "ಕರೆಯುವ ಹೆಸರು" ಅಂತ ಒಂದು ಕಾಲಂ ಹಾಕಿ. ನಮ್ಮಲ್ಲಿ ಅರ್ಧ ಆಟಗಾರರನ್ನು ಅಡ್ಡಹೆಸರಿನಿಂದಲೇ ಕರೆಯುವುದು ಅಲ್ವಾ, ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಎದುರಿನ ತಂಡ ತಕರಾರು ಎತ್ತಿದರೆ ಮೈಕಿನಲ್ಲಿ ತೀರ್ಮಾನ ಹೇಳಬೇಡಿ, ಎರಡೂ ನಾಯಕರನ್ನು ಮೇಜಿನ ಹತ್ತಿರ ಕರೆದು ಮಾತಾಡಿ. ಎಂಟ್ರಿ ಫೀಸು ಎಲ್ಲರಿಗೆ ಇದ್ದಷ್ಟೇ ನಮಗೂ ಇರಲಿ, ರಿಯಾಯಿತಿ ಬೇಡ.